ನಿಂತಲ್ಲೇ ಗಾಳಿ ಇಳಿಸಿಕೊಳ್ಳುವ ದೈತ್ಯ ಪಿಕಪ್: ಏರ್ ವ್ಯವಸ್ಥೆಯ ದೋಷ ಪತ್ತೆ ಮತ್ತು ನಿವಾರಣೆ

ಲಾರಿಯ ಚಾಸಿಯ ಮೇಲೆ ಕಟ್ಟಿದ ಐಷಾರಾಮಿ ಪಿಕಪ್‌ಗಳಲ್ಲಿ ಕಾಣಿಸಿಕೊಳ್ಳುವ ಸಾಮಾನ್ಯ ದೂರುಗಳಲ್ಲಿ ಗಾಳಿಗೆ ಸಂಬಂಧಿಸಿದ್ದೂ ಒಂದು. ವಾಹನವನ್ನು ಕೆಲವು ದಿನ ನಿಲ್ಲಿಸಿ ಮತ್ತೆ ಹತ್ತಿದಾಗ ಡ್ಯಾಶ್‌ಬೋರ್ಡಿನ ಎರಡೂ ಏರ್ ಗೇಜ್‌ಗಳ ಮುಳ್ಳು ಸೊನ್ನೆಯಲ್ಲಿರುತ್ತದೆ, ಎಚ್ಚರಿಕೆಯ ಬಜರ್ ನಿಲ್ಲದೆ ಕೂಗುತ್ತದೆ, ಹಿಂಭಾಗ ಕುಸಿದು ಕುಳಿತಿರುತ್ತದೆ, ಮತ್ತು ಎಂಜಿನ್ ಬಹಳ ಹೊತ್ತು ಓಡಿದ ಮೇಲಷ್ಟೇ ಪಾರ್ಕಿಂಗ್ ಬ್ರೇಕ್ ಬಿಡುತ್ತದೆ. ಈ ಲಕ್ಷಣಗಳ ಹಿಂದೆ ಒಂದೇ ಕಾರಣವಿರಬಹುದು, ನಾಲ್ಕು ಸಣ್ಣ ಕಾರಣಗಳೂ ಇರಬಹುದು. ಕೆಲವೊಮ್ಮೆ ದೋಷವೇ ಇರುವುದಿಲ್ಲ. ಈ ಮೂರನ್ನು ಒಂದರಿಂದೊಂದು ಬೇರ್ಪಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಯಾವ ವಾಹನಗಳ ಬಗ್ಗೆ ಹೇಳುತ್ತಿದ್ದೇನೆ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಅಮೆರಿಕದಲ್ಲಿ ನ್ಯಾವಿಸ್ಟಾರ್ ಸಂಸ್ಥೆ 2004ರಿಂದ 2008ರವರೆಗೆ ಇಂಟರ್‌ನ್ಯಾಷನಲ್ ಸಿಎಕ್ಸ್‌ಟಿ ಎಂಬ ಪಿಕಪ್ಪನ್ನು ಮಾರಿತು. ತನ್ನ 7300 ಸರಣಿಯ ಲಾರಿ ಚಾಸಿ ಮತ್ತು 7.6 ಲೀಟರಿನ ಡಿಟಿ466 ಡೀಸೆಲ್ ಎಂಜಿನ್ನಿನ ಮೇಲೆ ಅದು ಪಿಕಪ್ ತೊಟ್ಟಿಯನ್ನು ಕೂರಿಸಿತ್ತು. ವಾಹನದ ಎತ್ತರ ಸುಮಾರು 9 ಅಡಿ, ಖಾಲಿ ತೂಕ ಸುಮಾರು 14,500 ಪೌಂಡ್. ಫ್ರೈಟ್‌ಲೈನರ್ ಎಂ2 ಲಾರಿಯನ್ನು ಆಧರಿಸಿದ ಸ್ಪೋರ್ಟ್‌ಚಾಸಿ ವಾಹನಗಳು, ಫೋರ್ಡ್ ಎಫ್-650 ಆಧಾರಿತ ಪಿಕಪ್‌ಗಳು, ಷೆವರ್ಲೆ ಕೋಡಿಯಾಕ್ ಸಿ4500 ಮೇಲೆ ಕಟ್ಟಿದವು, ಇವೆಲ್ಲ ಇದೇ ಕುಲಕ್ಕೆ ಸೇರುತ್ತವೆ. ಆದರೆ ಇವೆಲ್ಲದರಲ್ಲೂ ಏರ್ ಬ್ರೇಕ್ ಇರುವುದಿಲ್ಲ. ಕೆಲವುಗಳಲ್ಲಿ ಬ್ರೇಕ್ ಹೈಡ್ರಾಲಿಕ್ ಆಗಿದ್ದು, ಸಸ್ಪೆನ್ಷನ್ ಮತ್ತು ಹಾರ್ನ್‌ಗಾಗಿ ಮಾತ್ರ ಬ್ಯಾಟರಿಯಿಂದ ನಡೆಯುವ ಸಣ್ಣ ಕಂಪ್ರೆಸರ್ ಕೂರಿಸಿರುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಪ್ರೈಮರಿ, ಸೆಕೆಂಡರಿ ಎಂಬ ಎರಡು ಮುಳ್ಳುಗಳೂ ಹಳದಿ ಬಣ್ಣದ ಪಾರ್ಕಿಂಗ್ ನಾಬ್ ಕೂಡ ಇದ್ದರೆ ನಿಮ್ಮದು ಪೂರ್ಣ ಏರ್ ಬ್ರೇಕಿನ ವಾಹನ. ಮುಂದಿನ ವಿವರಣೆ ಮುಖ್ಯವಾಗಿ ಅಂಥ ವಾಹನಕ್ಕೇ ಅನ್ವಯಿಸುತ್ತದೆ.

ಇಲ್ಲಿ ಗಮನಿಸಲೇಬೇಕಾದ ಸಂಗತಿಯೊಂದಿದೆ. ಅಮೆರಿಕದ ಫೆಡರಲ್ ನಿಯಮದ ಪ್ರಕಾರ ಒಂಟಿ ವಾಹನದ ಒಟ್ಟು ತೂಕದ ಮಿತಿ 26,001 ಪೌಂಡ್ ಮುಟ್ಟಿದರೆ ಸಾಮಾನ್ಯವಾಗಿ ವಾಣಿಜ್ಯ ಚಾಲನಾ ಪರವಾನಗಿ ಬೇಕಾಗುತ್ತದೆ. ಸಿಎಕ್ಸ್‌ಟಿಯ ಮಿತಿಯನ್ನು 25,999 ಪೌಂಡಿಗೆ ನಿಲ್ಲಿಸಿದ್ದರಿಂದ ಸಾಧಾರಣ ಪರವಾನಗಿ ಇದ್ದವರೂ ಅದನ್ನು ಓಡಿಸಬಹುದಾಗಿತ್ತು. ಇದರ ಪರಿಣಾಮವೇನೆಂದರೆ, ಲಾರಿ ಚಾಲಕರು ಪರವಾನಗಿ ಪರೀಕ್ಷೆಗಾಗಿ ಕಲಿತು ಹೊರಡುವ ಮುನ್ನ ಮಾಡಬೇಕಾದ ಏರ್ ಬ್ರೇಕ್ ತಪಾಸಣೆಯನ್ನು ಈ ಪಿಕಪ್‌ಗಳ ಮಾಲೀಕರಿಗೆ ಯಾರೂ ಕಲಿಸಿರುವುದಿಲ್ಲ. ಬ್ರೇಕ್ ಮಾತ್ರ ಲಾರಿಯದೇ. ನನ್ನ ದೃಢವಾದ ಅಭಿಪ್ರಾಯವೆಂದರೆ, ಗಾಳಿ ಇಳಿಯುವ ದೋಷವನ್ನು ಹುಡುಕಲು ಆ ತಪಾಸಣೆಗಿಂತ ಒಳ್ಳೆಯ ಉಪಕರಣ ಬೇರೆ ಇಲ್ಲ. ಬಿಡಿಭಾಗ ಬದಲಿಸುವ ಮಾತು ಅದರ ನಂತರ ಬರಬೇಕು.

ಕೈ ಹಾಕುವ ಮುನ್ನ

ವಾಹನವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಚಕ್ರಗಳ ಮುಂದೆಯೂ ಹಿಂದೆಯೂ ಭದ್ರವಾದ ತಡೆಗಟ್ಟಿಗಳನ್ನು ಇಡಿ. ತಪಾಸಣೆಯಲ್ಲಿ ಪಾರ್ಕಿಂಗ್ ಬ್ರೇಕನ್ನು ಬಿಡಬೇಕಾಗುತ್ತದೆ. ಆಗ ಇಷ್ಟು ಭಾರದ ವಾಹನವನ್ನು ಹಿಡಿದಿಡುವುದು ಆ ಗಟ್ಟಿಗಳು ಮಾತ್ರ. ಏರ್ ಸಸ್ಪೆನ್ಷನ್ ಇರುವ ವಾಹನದ ಫ್ರೇಮಿಗೆ ಸ್ಟ್ಯಾಂಡ್ ಕೊಡದೆ ಕೆಳಗೆ ನುಸುಳಬೇಡಿ. ಯಾವುದೋ ಒಂದು ಪೈಪನ್ನು ಬಿಚ್ಚಿದ ಕ್ಷಣದಲ್ಲಿ ಬೆಲ್ಲೋಗಳ, ಅಂದರೆ ಸಸ್ಪೆನ್ಷನ್ನಿನ ರಬ್ಬರ್ ಗಾಳಿಚೀಲಗಳ, ಗಾಳಿ ಹೋಗಿ ಫ್ರೇಮ್ ಕೆಳಗಿಳಿಯಬಹುದು, ಮತ್ತು ತಪ್ಪಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಪೈಪು ಬಿಚ್ಚುವ ಮುನ್ನ ಆ ಭಾಗದ ಗಾಳಿಯನ್ನು ಟ್ಯಾಂಕಿನ ಡ್ರೈನ್ ಮೂಲಕ ಪೂರ್ತಿ ಬಿಡಬೇಕು, ಕಣ್ಣಿಗೆ ಕನ್ನಡಕ ಇರಲೇಬೇಕು.

ಹಿಂದಿನ ಚಕ್ರಗಳ ಬಳಿ ಇರುವ ಸ್ಪ್ರಿಂಗ್ ಬ್ರೇಕ್ ಚೇಂಬರಿನೊಳಗೆ ಬಲವಾಗಿ ಒತ್ತಿಹಿಡಿದ ಸ್ಪ್ರಿಂಗ್ ಇರುತ್ತದೆ; ಪಾರ್ಕಿಂಗ್ ಬ್ರೇಕ್ ಹಿಡಿಯುವುದು ಅದೇ, ಗಾಳಿಯ ಒತ್ತಡ ಅದನ್ನು ಹಿಂದಕ್ಕೆ ತಳ್ಳಿದಾಗ ಬ್ರೇಕ್ ಬಿಡುತ್ತದೆ. ಅದರ ಸ್ಪ್ರಿಂಗ್ ಭಾಗದ ಹಿಡಿಕೆಪಟ್ಟಿಯನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಹಾಗೆ ಮಾಡಿ ಪ್ರಾಣ ಕಳೆದುಕೊಂಡವರಿದ್ದಾರೆ. ಆ ಚೇಂಬರ್ ಕೆಟ್ಟಿದೆ ಎಂದು ಗೊತ್ತಾದರೆ ಭಾರೀ ವಾಹನಗಳ ಕೆಲಸ ತಿಳಿದ ಮೆಕ್ಯಾನಿಕ್ ಅದನ್ನು ಇಡಿಯಾಗಿ ಬದಲಿಸಬೇಕು.

ಗಾಳಿಯ ದಾರಿ

ಎಂಜಿನ್ನಿನಿಂದ ನಡೆಯುವ ಕಂಪ್ರೆಸರಿನಿಂದ ಹೊರಟ ಬಿಸಿ ಗಾಳಿ ಮೊದಲು ತೇವ ತೆಗೆಯುವ ಏರ್ ಡ್ರೈಯರಿಗೆ, ಅಲ್ಲಿಂದ ಸಾಮಾನ್ಯವಾಗಿ ವೆಟ್ ಟ್ಯಾಂಕ್ ಎಂದು ಕರೆಯುವ ಮೊದಲ ಟ್ಯಾಂಕಿಗೆ, ನಂತರ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಪ್ರತ್ಯೇಕ ಚೆಕ್ ವಾಲ್ವ್‌ಗಳ ಮೂಲಕ ಪ್ರೈಮರಿ ಮತ್ತು ಸೆಕೆಂಡರಿ ಟ್ಯಾಂಕ್‌ಗಳಿಗೆ ಹೋಗುತ್ತದೆ. ಸಾಮಾನ್ಯವಾಗಿ ಪ್ರೈಮರಿ ಹಿಂದಿನ ಬ್ರೇಕಿಗೆ, ಸೆಕೆಂಡರಿ ಮುಂದಿನ ಬ್ರೇಕಿಗೆ. ಡ್ಯಾಶ್‌ಬೋರ್ಡಿನ ಮುಳ್ಳುಗಳು ತೋರಿಸುವುದು ಈ ಎರಡು ಟ್ಯಾಂಕ್‌ಗಳ ಒತ್ತಡವನ್ನೇ ಹೊರತು ವೆಟ್ ಟ್ಯಾಂಕಿನದ್ದನ್ನಲ್ಲ. ಸಸ್ಪೆನ್ಷನ್, ಏರ್ ಸೀಟು, ಹಾರ್ನ್ ಮುಂತಾದ ಬ್ರೇಕಿಗೆ ಸೇರದ ಭಾಗಗಳಿಗೆ ಹೋಗುವ ಗಾಳಿ ಪ್ರೆಶರ್ ಪ್ರೊಟೆಕ್ಷನ್ ವಾಲ್ವ್ ದಾಟಿ ಹೋಗಬೇಕು. ಟ್ಯಾಂಕಿನ ಒತ್ತಡ ಒಂದು ಮಟ್ಟಕ್ಕಿಂತ ಇಳಿದರೆ ಆ ವಾಲ್ವ್ ಮುಚ್ಚಿಕೊಂಡು, ಬ್ರೇಕಿಗೆ ಬೇಕಾದ ಗಾಳಿಯನ್ನು ಉಳಿಸುತ್ತದೆ.

ಕಂಪ್ರೆಸರ್ ಯಾವಾಗ ಗಾಳಿ ತುಂಬಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ನಿರ್ಧರಿಸುವುದು ಗವರ್ನರ್. ಬಹುತೇಕ ವಾಹನಗಳಲ್ಲಿ 120ರಿಂದ 135 ಪಿಎಸ್‌ಐ (ಒಂದು ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂದು ಅಳೆಯುವ ಒತ್ತಡ) ನಡುವೆ ತುಂಬುವಿಕೆ ನಿಲ್ಲುತ್ತದೆ. ಅದಕ್ಕಿಂತ ಸುಮಾರು 20ರಿಂದ 25 ಪಿಎಸ್‌ಐ ಇಳಿದಾಗ ಮತ್ತೆ ಶುರುವಾಗುತ್ತದೆ. ತುಂಬುವಿಕೆ ನಿಂತ ಕ್ಷಣದಲ್ಲಿ ಡ್ರೈಯರ್ ತನ್ನಲ್ಲಿ ಸೇರಿದ ನೀರನ್ನು ರಭಸದಿಂದ ಹೊರಗೆ ಚೆಲ್ಲುತ್ತದೆ. ಆ ಸದ್ದು ಆರೋಗ್ಯಕರವಾದದ್ದು, ಅದನ್ನು ಸೋರಿಕೆಯೆಂದು ಭಾವಿಸಿ ಡ್ರೈಯರ್ ಬದಲಿಸಬೇಕಾಗಿಲ್ಲ.

ಲಾರಿ ಚಾಲಕರ ತಪಾಸಣೆ

ಎಂಜಿನ್ ಓಡಿಸಿ, ಗವರ್ನರ್ ತುಂಬುವಿಕೆ ನಿಲ್ಲಿಸುವವರೆಗೆ ಗಾಳಿ ತುಂಬಿಸಿ. ನಂತರ ಎಂಜಿನ್ ಆಫ್ ಮಾಡಿ, ಗೇಜ್ ಕೆಲಸ ಮಾಡುವಂತೆ ಕೀಲಿಯನ್ನು ಆನ್ ಸ್ಥಿತಿಯಲ್ಲೇ ಬಿಟ್ಟು, ಪಾರ್ಕಿಂಗ್ ನಾಬನ್ನು ಒಳಗೊತ್ತಿ ಬ್ರೇಕ್ ಬಿಡಿ. ಮುಳ್ಳು ಸ್ಥಿರವಾದ ಮೇಲೆ ಒಂದು ನಿಮಿಷ ಗಮನಿಸಿ: ಟ್ರೇಲರ್ ಇಲ್ಲದ ವಾಹನದಲ್ಲಿ ಇಳಿಕೆ 2 ಪಿಎಸ್‌ಐಗಿಂತ ಹೆಚ್ಚಿರಬಾರದು. ಆಮೇಲೆ ಬ್ರೇಕ್ ಪೆಡಲನ್ನು ಗಟ್ಟಿಯಾಗಿ ಒತ್ತಿಹಿಡಿಯಿರಿ. ಒತ್ತಿದ ಕೂಡಲೇ ಆಗುವ ಮೊದಲ ಇಳಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಅಲ್ಲಿಂದ ಒಂದು ನಿಮಿಷದಲ್ಲಿ 3 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು. ಬಳಿಕ ಪೆಡಲನ್ನು ಮತ್ತೆ ಮತ್ತೆ ತುಳಿದು ಗಾಳಿ ಇಳಿಸುತ್ತ ಹೋದರೆ 60 ಪಿಎಸ್‌ಐ ಆಸುಪಾಸಿನಲ್ಲಿ ಎಚ್ಚರಿಕೆಯ ದೀಪ ಮತ್ತು ಬಜರ್ ಬರಬೇಕು, 20ರಿಂದ 45 ಪಿಎಸ್‌ಐ ನಡುವೆ ಪಾರ್ಕಿಂಗ್ ನಾಬ್ ತಾನಾಗಿಯೇ ಹೊರಗೆ ಹಾರಬೇಕು. ಕೊನೆಯದಾಗಿ ಎಂಜಿನ್ ಓಡಿಸಿ, ಅದರ ವೇಗ ಏರಿಸಿದಾಗ ಒತ್ತಡ 85ರಿಂದ 100 ಪಿಎಸ್‌ಐಗೆ 45 ಸೆಕೆಂಡಿನೊಳಗೆ ಏರುತ್ತದೆಯೇ ನೋಡಿ.

ಈ ಅಂಕಿಗಳ ಅರ್ಥವನ್ನು ಸರಿಯಾಗಿ ಗ್ರಹಿಸುವುದು ಬಹಳ ಮುಖ್ಯ, ಏಕೆಂದರೆ ಅನಗತ್ಯ ಖರ್ಚಿನ ಹಲವು ಪ್ರಸಂಗಗಳು ಇಲ್ಲಿಂದಲೇ ಶುರುವಾಗುತ್ತವೆ. ನಿಮಿಷಕ್ಕೆ 2 ಪಿಎಸ್‌ಐ ಇಳಿಕೆ ತಪಾಸಣೆಯಲ್ಲಿ ಪಾಸಾಗುತ್ತದೆ. ಆದರೆ ಅದೇ ವೇಗದಲ್ಲಿ ಇಳಿದರೆ 120 ಪಿಎಸ್‌ಐ ಖಾಲಿಯಾಗಲು ಒಂದೇ ಗಂಟೆ ಸಾಕು. ಒತ್ತಡ ಕಡಿಮೆಯಾದಂತೆ ಸೋರಿಕೆಯೂ ನಿಧಾನವಾಗುವುದರಿಂದ ವಾಸ್ತವದಲ್ಲಿ ಇನ್ನಷ್ಟು ಹೊತ್ತು ಹಿಡಿದೀತು, ಆದರೂ ಬೆಳಗಾಗುವಷ್ಟರಲ್ಲಿ ಟ್ಯಾಂಕ್ ಬರಿದಾಗಿರುತ್ತದೆ. ಅಂದರೆ ರಸ್ತೆಯಲ್ಲಿ ಸುರಕ್ಷಿತವಾಗಿರುವ ವಾಹನವೂ ಮರುದಿನ ಸೊನ್ನೆ ತೋರಿಸಬಹುದು. ಈ ಚಾಸಿಗಳನ್ನು ದಿನವೂ ದುಡಿಯುವ ಲಾರಿಗಾಗಿ ವಿನ್ಯಾಸ ಮಾಡಿದ್ದಾರೆ. ವಾರಗಟ್ಟಲೆ ಗಾಳಿ ಹಿಡಿದಿಡುವುದು ಅವುಗಳ ಉದ್ದೇಶದಲ್ಲಿ ಸೇರಿಲ್ಲ. ಒಂದು ರಾತ್ರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಒತ್ತಡ ಉಳಿಯುತ್ತಿದ್ದರೆ, ತಪಾಸಣೆಯೂ ಪಾಸಾಗಿದ್ದರೆ, ಐದಾರು ದಿನ ನಿಂತ ಮೇಲೆ ಸೊನ್ನೆಯಾಗುವುದನ್ನು ನಾನು ದೋಷವೆಂದು ಪರಿಗಣಿಸುವುದಿಲ್ಲ. ತಪಾಸಣೆಯಲ್ಲಿ ಸೋತರೆ ಮಾತ್ರ ವಾಹನವನ್ನು ರಸ್ತೆಗೆ ಇಳಿಸದೆ ದುರಸ್ತಿ ಮಾಡಿಸಲೇಬೇಕು.

ಮುಳ್ಳುಗಳು ಹೇಳುವುದನ್ನು ಓದುವುದು

ಸೋಪಿನ ನೀರು ಹಿಡಿದು ಕೆಳಗೆ ತೂರುವ ಮುನ್ನ, ಚಾಲಕನ ಸೀಟಿನಲ್ಲೇ ಕುಳಿತು ದೋಷವಿರುವ ಜಾಗವನ್ನು ಬಹುಮಟ್ಟಿಗೆ ಕಿರಿದಾಗಿಸಬಹುದು. ಸಂಜೆ ಎಂಜಿನ್ ನಿಲ್ಲಿಸುವಾಗ ಎರಡೂ ಮುಳ್ಳುಗಳ ಓದನ್ನು ಬರೆದಿಟ್ಟು, ಬೆಳಿಗ್ಗೆ ಎಂಜಿನ್ ಓಡಿಸುವ ಮೊದಲು ಮತ್ತೆ ಬರೆದುಕೊಳ್ಳಿ.

ಒಂದೇ ಮುಳ್ಳು ಇಳಿದಿದ್ದರೆ ಸೋರಿಕೆ ಆ ಟ್ಯಾಂಕಿನಲ್ಲಿ ಅಥವಾ ಅದರಿಂದ ಮುಂದಿನ ಕೊಳವೆಗಳಲ್ಲಿದೆ. ಇನ್ನೊಂದು ಟ್ಯಾಂಕಿನ ಕಡೆಗೆ ನೋಡುವ ಅಗತ್ಯವೇ ಇಲ್ಲ. ಎರಡೂ ಮುಳ್ಳುಗಳು ಸ್ಥಿರವಾಗಿದ್ದು ಡ್ರೈಯರಿನ ಕಡೆ ಸೋರುವ ಸದ್ದು ಕೇಳುತ್ತಿದ್ದರೆ ವೆಟ್ ಟ್ಯಾಂಕಿನ ಗಾಳಿ ಹೋಗುತ್ತಿದೆ, ಚೆಕ್ ವಾಲ್ವ್‌ಗಳು ತಮ್ಮ ಕೆಲಸ ಮಾಡುತ್ತಿವೆ ಎಂದರ್ಥ. ಒಂದು ಮುಳ್ಳು ಮೊದಲು ಇಳಿದು, ಇನ್ನೊಂದರ ಮಟ್ಟಕ್ಕೆ ಬಂದ ಮೇಲೆ ಎರಡೂ ಜೊತೆಯಾಗಿ ಇಳಿಯುತ್ತಿದ್ದರೆ ಪಾರ್ಕಿಂಗ್ ಬ್ರೇಕಿನ ಸಾಲನ್ನು ಶಂಕಿಸಬೇಕು. ಆ ಸಾಲಿಗೆ ಡಬಲ್ ಚೆಕ್ ವಾಲ್ವ್ ಮೂಲಕ ಎರಡೂ ಟ್ಯಾಂಕ್‌ಗಳಿಂದ ಗಾಳಿ ಸಿಗುತ್ತದೆ, ಮತ್ತು ಆ ವಾಲ್ವ್ ಯಾವಾಗಲೂ ಹೆಚ್ಚು ಒತ್ತಡವಿರುವ ಕಡೆಯಿಂದಲೇ ಗಾಳಿ ತೆಗೆದುಕೊಳ್ಳುತ್ತದೆ.

ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವ ಸೂಚನೆ ಬೇರೆಯದು: ಮುಳ್ಳು ಎಲ್ಲಿ ಇಳಿಯುವುದನ್ನು ನಿಲ್ಲಿಸಿತು ಎಂಬುದು. ಅದು ಸೊನ್ನೆಗೆ ಹೋಗದೆ 60ರಿಂದ 75 ಪಿಎಸ್‌ಐ ಆಸುಪಾಸಿನಲ್ಲಿ ನಿಂತುಬಿಟ್ಟಿದ್ದರೆ, ಬಹುಪಾಲು ಪ್ರೆಶರ್ ಪ್ರೊಟೆಕ್ಷನ್ ವಾಲ್ವ್ ಮುಚ್ಚಿಕೊಂಡಿದೆ. ಹಾಗಾದರೆ ಸೋರಿಕೆ ಆ ವಾಲ್ವಿನ ಆಚೆ, ಅಂದರೆ ಸಸ್ಪೆನ್ಷನ್ ಅಥವಾ ಐಷಾರಾಮದ ಉಪಕರಣಗಳಲ್ಲಿದೆ. ಬ್ರೇಕ್ ಭಾಗಗಳನ್ನು ಮುಟ್ಟುವ ಕಾರಣವಿಲ್ಲ. ಹಿಂಭಾಗ ಕುಸಿದಿದ್ದು ಮುಳ್ಳು ಸೊನ್ನೆಯಲ್ಲಿದ್ದರೆ, ಎರಡು ಪ್ರತ್ಯೇಕ ಸೋರಿಕೆಗಳಿವೆ, ಇಲ್ಲವೇ ಆ ವಾಲ್ವ್ ಕೆಟ್ಟಿದೆ ಅಥವಾ ಅದನ್ನು ಅಳವಡಿಸಿಯೇ ಇಲ್ಲ.

ಐಷಾರಾಮದ ಕವಲುಗಳು

ಚಾಸಿ ತಯಾರಕರು ಜೋಡಿಸಿದ ಕೊಳವೆಗಳಲ್ಲಿ ಕ್ರಮವಿರುತ್ತದೆ, ಬಣ್ಣಗಳಿಗೆ ಅರ್ಥವಿರುತ್ತದೆ, ನಕ್ಷೆ ಸಿಗುತ್ತದೆ. ನಂತರ ವಾಹನವನ್ನು ಅಲಂಕರಿಸಿದವರು ರೈಲಿನ ಮಾದರಿಯ ಹಾರ್ನ್, ಇಳಿಯುವ ಮೆಟ್ಟಿಲು, ಟೈರಿಗೆ ಗಾಳಿ ತುಂಬುವ ನಳಿಕೆ, ಎರಡನೆಯ ಏರ್ ಸೀಟು, ಟ್ರೇಲರ್ ಸಿಕ್ಕಿಸಲು ಹಿಂಭಾಗ ತಗ್ಗಿಸುವ ಸ್ವಿಚ್ಚು ಎಂದೆಲ್ಲ ಸೇರಿಸುತ್ತ ಹೋಗುತ್ತಾರೆ. ಈ ಪ್ರತಿಯೊಂದಕ್ಕೂ ಗಾಳಿ ಎಲ್ಲಿಂದ ತೆಗೆದಿದ್ದಾರೆ ಎಂಬುದು ವಾಹನದಿಂದ ವಾಹನಕ್ಕೆ ಬೇರೆ. ಆದ್ದರಿಂದ ಮೊದಲ ಬಾರಿಗೆ ಹುಡುಕುವಾಗ ಸಮಯ ಹಿಡಿದರೂ ಸರಿ, ಪ್ರತಿ ಕವಲನ್ನೂ ಅದರ ಮೂಲದವರೆಗೆ ಹಿಂಬಾಲಿಸಿ ಕಾಗದದ ಮೇಲೆ ನಕ್ಷೆ ಬರೆಯಿರಿ. ಯಾವುದೇ ಹೆಚ್ಚುವರಿ ಉಪಕರಣ ಪ್ರೊಟೆಕ್ಷನ್ ವಾಲ್ವ್ ಇಲ್ಲದೆ ನೇರವಾಗಿ ಪ್ರೈಮರಿ ಅಥವಾ ಸೆಕೆಂಡರಿ ಟ್ಯಾಂಕಿನಿಂದ ಗಾಳಿ ಪಡೆಯುತ್ತಿದ್ದರೆ, ಅದು ಈಗ ಸೋರುತ್ತಿರಲಿ ಬಿಡಲಿ, ತಕ್ಷಣ ಸರಿಪಡಿಸಬೇಕಾದ ಗಂಭೀರ ತಪ್ಪು. ಹಾರ್ನಿನ ಪೈಪು ತುಂಡಾದರೆ ಬ್ರೇಕಿನ ಗಾಳಿ ಹೋಗುವಂತಿರುವ ವಾಹನದಲ್ಲಿ ಕುಟುಂಬವನ್ನು ಕೂರಿಸಿಕೊಂಡು ಹೋಗುವುದು ಸಲ್ಲದು.

ನಕ್ಷೆ ಸಿದ್ಧವಾದ ಮೇಲೆ ಕೆಲಸ ಸುಲಭ. ಗಾಳಿ ಬಿಟ್ಟು, ಹೆಚ್ಚುವರಿ ಕವಲುಗಳೆಲ್ಲವನ್ನೂ ಮೂಲದಲ್ಲೇ ಪ್ಲಗ್ ಹಾಕಿ ಮುಚ್ಚಿ, ಮತ್ತೆ ತುಂಬಿಸಿ, ಒಂದು ರಾತ್ರಿ ಬಿಡಿ. ಗಾಳಿ ಇಳಿಯದೆ ಉಳಿದರೆ ಪ್ಲಗ್‌ಗಳನ್ನು ಒಂದೊಂದಾಗಿ ತೆಗೆಯುತ್ತ ಹೋದಂತೆ ದೋಷವಿರುವ ಕವಲು ತಾನಾಗಿ ತಿಳಿಯುತ್ತದೆ. ನೈಲಾನ್ ಕೊಳವೆಯನ್ನು ಒತ್ತಿ ಸಿಕ್ಕಿಸುವ ಜೋಡಣೆಗಳಲ್ಲಿ ಕೊಳವೆಯ ತುದಿ ಓರೆಯಾಗಿ ಕತ್ತರಿಸಿದ್ದರೆ ಒಳಗಿನ ರಬ್ಬರ್ ಉಂಗುರ ಸರಿಯಾಗಿ ಕೂರುವುದಿಲ್ಲ. ಚೂಪಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ ಮತ್ತೆ ಪೂರ್ತಿ ಆಳಕ್ಕೆ ಸಿಕ್ಕಿಸಿದರೆ ಎಷ್ಟೋ ಸೋರಿಕೆಗಳು ಅಲ್ಲಿಗೇ ನಿಲ್ಲುತ್ತವೆ. ಜೋಡಣೆಯ ತಿರುಪಿನ ಸುರುಳಿಗೆ ಸುತ್ತುವ ಟೇಪಿನ ಚೂರುಗಳು ಗಾಳಿಯ ಜೊತೆ ಹೋಗಿ ವಾಲ್ವಿನೊಳಗೆ ಕೂತು ಅದನ್ನು ಪೂರ್ತಿ ಮುಚ್ಚದಂತೆ ಮಾಡುವುದರಿಂದ, ಏರ್ ಬ್ರೇಕಿನ ಜೋಡಣೆಗಳಿಗೆ ದ್ರವರೂಪದ ಸೀಲಂಟ್ ಉತ್ತಮ.

ಹಿಂಭಾಗ ಕುಸಿಯುವ ದೂರಿನಲ್ಲಿ ಬೆಲ್ಲೋಗಳ ಮಡಿಕೆಗಳನ್ನು ಬೆಳಕು ಹಾಕಿ ನೋಡಿ. ವಾಹನ ತಗ್ಗಿದ ಸ್ಥಿತಿಯಲ್ಲೇ ಬಹುಕಾಲ ನಿಂತಿದ್ದರೆ ರಬ್ಬರ್ ಒಂದೇ ಕಡೆ ಮಡಚಿ ಬಿರುಕು ಬಿಡುತ್ತದೆ. ಬೆಲ್ಲೋ ಚೆನ್ನಾಗಿದ್ದರೆ ಎತ್ತರವನ್ನು ನಿಯಂತ್ರಿಸುವ ಲೆವೆಲಿಂಗ್ ವಾಲ್ವಿನ ಹೊರಗಿಂಡಿಗೆ ಸೋಪಿನ ನೀರು ಹಾಕಿ. ಸಣ್ಣ ಗುಳ್ಳೆ ನಿಧಾನವಾಗಿ ಬಂದರೆ ಚಿಂತೆಯಿಲ್ಲ, ನೊರೆ ಉಕ್ಕುತ್ತಲೇ ಇದ್ದರೆ ವಾಲ್ವ್ ಬದಲಿಸಬೇಕು. ಬದಲಿಸುವ ಮೊದಲು ಅದರ ಸಂಪರ್ಕ ಕಡ್ಡಿ ಬಾಗಿಲ್ಲ, ಕಳಚಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ. ಒಂದೇ ಲೆವೆಲಿಂಗ್ ವಾಲ್ವ್ ಇರುವ ವಾಹನದಲ್ಲಿ ಎರಡೂ ಬದಿಯ ಬೆಲ್ಲೋಗಳಿಗೆ ಗಾಳಿಯ ಸಂಪರ್ಕವಿರುವುದರಿಂದ, ಒಂದು ಬೆಲ್ಲೋ ಸೋರಿದರೂ ಇಡೀ ಹಿಂಭಾಗ ಕುಸಿಯುತ್ತದೆ ಎಂಬುದನ್ನು ನೆನಪಿಡಿ.

ಬ್ರೇಕ್ ಭಾಗದ ಸೋರಿಕೆ

ಇಲ್ಲಿ ಪಾರ್ಕಿಂಗ್ ನಾಬ್ ಮತ್ತು ಪೆಡಲ್ ಎರಡನ್ನೂ ಪರೀಕ್ಷೆಯ ಸಾಧನಗಳಾಗಿ ಬಳಸಬೇಕು. ನಾಬನ್ನು ಹೊರಗೆ ಎಳೆದಾಗ ಸ್ಪ್ರಿಂಗ್ ಚೇಂಬರಿನ ಗಾಳಿ ಹೊರಹೋಗಿ, ಸ್ಪ್ರಿಂಗ್‌ನ ಬಲದಿಂದ ಬ್ರೇಕ್ ಹಿಡಿಯುತ್ತದೆ. ಆದ್ದರಿಂದ ನಾಬ್ ಎಳೆದ ಕೂಡಲೇ ಸೋರಿಕೆ ನಿಂತರೆ ದೋಷ ಪಾರ್ಕಿಂಗ್ ಸಾಲಿನಲ್ಲಿದೆ. ಪೆಡಲ್ ಒತ್ತಿದಾಗ ಮಾತ್ರ ಸೋರಿದರೆ ಪೆಡಲಿನಿಂದ ನಡೆಯುವ ಸರ್ವಿಸ್ ಭಾಗದ ಡಯಾಫ್ರಾಮ್ (ಗಾಳಿ ಒತ್ತುವ ರಬ್ಬರ್ ಪೊರೆ), ಅದರ ಪೈಪು ಅಥವಾ ಹಿಂದಿನ ಬ್ರೇಕಿಗೆ ಟ್ಯಾಂಕಿನ ಗಾಳಿ ಹಾಯಿಸುವ ರಿಲೇ ವಾಲ್ವ್ ಕಡೆ ನೋಡಬೇಕು.

ಮೋಸಗೊಳಿಸುವ ಒಂದು ದೋಷವನ್ನು ಬಿಡಿಸಿ ಹೇಳಬೇಕಾಗಿದೆ. ಪಾರ್ಕಿಂಗ್ ಬ್ರೇಕ್ ಬಿಟ್ಟಿರುವಾಗ ರಿಲೇ ವಾಲ್ವಿನ ಹೊರಗಿಂಡಿಯಿಂದ ಗಾಳಿ ಹೋಗುತ್ತಿರುತ್ತದೆ. ಸಹಜವಾಗಿಯೇ ರಿಲೇ ವಾಲ್ವ್ ಕೆಟ್ಟಿದೆ ಎಂದು ತೀರ್ಮಾನಿಸಿ ಬದಲಿಸುತ್ತಾರೆ. ಸೋರಿಕೆ ಹಾಗೇ ಉಳಿಯುತ್ತದೆ. ನಿಜವಾದ ಕಾರಣ ಸ್ಪ್ರಿಂಗ್ ಬ್ರೇಕ್ ಚೇಂಬರಿನ ಒಳಗಿನ ನಡುಗೋಡೆಯ ಸೀಲ್ ಸವೆದಿರುವುದು. ಪಾರ್ಕಿಂಗ್ ಭಾಗದ ಗಾಳಿ ಆ ಸೀಲ್ ದಾಟಿ ಸರ್ವಿಸ್ ಭಾಗಕ್ಕೆ ನುಗ್ಗಿ, ಪೈಪಿನಲ್ಲಿ ಹಿಂದಕ್ಕೆ ಹರಿದು, ತೆರೆದಿರುವ ಹೊರಗಿಂಡಿಯನ್ನು ಹುಡುಕಿಕೊಳ್ಳುತ್ತದೆ. ನಾಬ್ ಹೊರಗೆಳೆದಾಗ ಈ ಸೋರಿಕೆ ನಿಂತರೆ ಶಂಕೆ ಬಲವಾಗುತ್ತದೆ. ಬಳಿಕ ಮೆಕ್ಯಾನಿಕ್ ಪ್ರತಿ ಹಿಂಚಕ್ರದ ಚೇಂಬರಿನಿಂದ ಸರ್ವಿಸ್ ಪೈಪನ್ನು ಬಿಚ್ಚಿ, ಪಾರ್ಕಿಂಗ್ ಬ್ರೇಕ್ ಬಿಟ್ಟು ನೋಡಿದರೆ ಯಾವ ಚೇಂಬರಿನ ತೂತಿನಿಂದ ಗಾಳಿ ಬರುತ್ತದೆಯೋ ಅದೇ ಅಪರಾಧಿ. ಸ್ಪ್ರಿಂಗ್ ಚೇಂಬರ್ ಬದಲಿಸಲು ಒಪ್ಪಿಸುವ ಮುನ್ನ ಈ ಪರೀಕ್ಷೆ ಮಾಡಿದ್ದಾರೆಯೇ ಎಂದು ಕೇಳುವುದು ನಿಮ್ಮ ಹಕ್ಕು.

ಡ್ರೈಯರ್, ನೀರು ಮತ್ತು ನಿಧಾನ ತುಂಬುವಿಕೆ

ಗಾಳಿ ತುಂಬುತ್ತಿರುವಾಗಲೇ ಡ್ರೈಯರಿನ ಕೆಳಗಿಂದ ನಿರಂತರವಾಗಿ ಗಾಳಿ ಹೋಗುತ್ತಿದ್ದರೆ ನೀರು ಹೊರಚೆಲ್ಲುವ ಪರ್ಜ್ ವಾಲ್ವ್ ಕೆಸರಿನಿಂದ ಅಥವಾ ತುಕ್ಕಿನಿಂದ ಪೂರ್ತಿ ಮುಚ್ಚುತ್ತಿಲ್ಲ. ತುಂಬುವಿಕೆ ನಿಂತು ನೀರು ಚೆಲ್ಲಿದ ನಂತರವೂ ಬಹಳ ಹೊತ್ತು ಗಾಳಿ ಹೋಗುತ್ತಲೇ ಇದ್ದರೆ ಡ್ರೈಯರಿನ ಹೊರದಾರಿಯ ಚೆಕ್ ವಾಲ್ವ್ ಟ್ಯಾಂಕಿನ ಗಾಳಿಯನ್ನು ಹಿಂದಕ್ಕೆ ಬಿಡುತ್ತಿದೆ. ಚಳಿ ಪ್ರದೇಶಗಳಲ್ಲಿ ಡ್ರೈಯರಿನ ಹೀಟರ್ ಕೆಟ್ಟರೆ ಪರ್ಜ್ ವಾಲ್ವ್ ಹಿಮಗಟ್ಟಿ ಇವೇ ಲಕ್ಷಣಗಳನ್ನು ತೋರಿಸುತ್ತದೆ.

ಟ್ಯಾಂಕ್‌ಗಳ ಡ್ರೈನ್ ತೆರೆದು ಏನು ಬರುತ್ತದೆ ನೋಡಿ. ವೆಟ್ ಟ್ಯಾಂಕಿನಲ್ಲಿ ಸ್ವಲ್ಪ ನೀರು ಇದ್ದರೆ ಸಹಿಸಬಹುದು. ಉಳಿದ ಟ್ಯಾಂಕ್‌ಗಳಲ್ಲೂ ನೀರಿದ್ದರೆ ಡ್ರೈಯರಿನೊಳಗೆ ತೇವ ಹೀರುವ ಕಾರ್ಟ್ರಿಜ್ ಮುಗಿದಿದೆ. ಹಾಲಿನಂಥ ಬಿಳಿಚು ದ್ರವ ಬಂದರೆ ನೀರಿನ ಜೊತೆ ಕಂಪ್ರೆಸರಿನ ಎಣ್ಣೆ ಸೇರಿದೆ, ಹೊಸ ಕಾರ್ಟ್ರಿಜ್ ಹಾಕಿದರೂ ಬೇಗ ಹಾಳಾಗುತ್ತದೆ, ಮೊದಲು ಕಂಪ್ರೆಸರನ್ನು ನೋಡಬೇಕು. ಸದಾ ಸಣ್ಣ ದೂರ ಓಡುವ ವಾಹನದಲ್ಲಿ ವ್ಯವಸ್ಥೆ ಪೂರ್ತಿ ಬಿಸಿಯಾಗದೆ ತೇವ ಒಳಗೇ ಉಳಿಯುವುದರಿಂದ, ಕಿಲೋಮೀಟರ್ ಲೆಕ್ಕ ನೋಡದೆ ಎರಡು ಮೂರು ವರ್ಷಕ್ಕೊಮ್ಮೆ ಕಾರ್ಟ್ರಿಜ್ ಬದಲಿಸುವುದು ಒಳ್ಳೆಯದು. ಸೋರಿಕೆ ಇಲ್ಲದಿದ್ದರೂ ತುಂಬಲು ತಡವಾಗುತ್ತಿದ್ದರೆ ಕಂಪ್ರೆಸರಿಗೆ ಗಾಳಿ ಹೋಗುವ ದಾರಿ ಕಟ್ಟಿದೆಯೇ, ಕಂಪ್ರೆಸರಿನಿಂದ ಡ್ರೈಯರಿಗೆ ಹೋಗುವ ಕೊಳವೆಯಲ್ಲಿ ಕರಿ ಕಟ್ಟಿದೆಯೇ ಎಂದು ಮೊದಲು ನೋಡಿ, ಗವರ್ನರನ್ನು ಪರೀಕ್ಷಿಸಿ. ಹೊಸ ಕಂಪ್ರೆಸರಿನ ಮಾತು ಕೊನೆಗಿರಲಿ.

ಗಾಳಿಯ ಜೊತೆಗೆ ಬ್ಯಾಟರಿಯೂ ಇಳಿಯುತ್ತಿದ್ದರೆ

ಈ ಎರಡೂ ದೂರು ಒಟ್ಟಿಗೆ ಬಂದರೆ ವಿದ್ಯುತ್ತಿನಿಂದ ನಡೆಯುವ ಏರ್ ಸೊಲೆನಾಯ್ಡ್‌ಗಳನ್ನು, ಅಂದರೆ ಗಾಳಿಯ ದಾರಿ ತೆರೆದು ಮುಚ್ಚುವ ವಾಲ್ವ್‌ಗಳನ್ನು, ಮೊದಲು ಶಂಕಿಸಬೇಕು. ಹಿಂಭಾಗ ತಗ್ಗಿಸುವ ಸ್ವಿಚ್ಚು ಅಥವಾ ಮೆಟ್ಟಿಲಿನ ಸೊಲೆನಾಯ್ಡ್ ಕೀಲಿ ತೆಗೆದ ಮೇಲೂ ವಿದ್ಯುತ್ ಪಡೆಯುವಂತೆ ಜೋಡಿಸಿದ್ದರೆ, ಅದು ಗಾಳಿಯನ್ನೂ ಬಿಡುತ್ತದೆ, ಬ್ಯಾಟರಿಯನ್ನೂ ಹೀರುತ್ತದೆ. ಬಾಗಿಲುಗಳನ್ನು ಮುಚ್ಚಿ, ವಾಹನದ ಎಲೆಕ್ಟ್ರಾನಿಕ್ ಘಟಕಗಳು ಸುಪ್ತಾವಸ್ಥೆಗೆ ಹೋಗುವಷ್ಟು ಹೊತ್ತು ಕಾದು, ಬ್ಯಾಟರಿಯ ನೆಗೆಟಿವ್ ಕೇಬಲ್ಲಿಗೆ ಡಿಸಿ ಕ್ಲಾಂಪ್ ಮೀಟರ್ ಹಾಕಿ. ನಂತರ ಹೆಚ್ಚುವರಿಯಾಗಿ ಸೇರಿಸಿದ ಫ್ಯೂಸ್ ಪೆಟ್ಟಿಗೆಯಿಂದ ಆರಂಭಿಸಿ ಫ್ಯೂಸ್‌ಗಳನ್ನು ಒಂದೊಂದಾಗಿ ಎಳೆಯಿರಿ. ಯಾವ ಫ್ಯೂಸ್ ತೆಗೆದಾಗ ವಿದ್ಯುತ್ ಪ್ರವಾಹ ಇಳಿಯುತ್ತದೆಯೋ ಆ ಸಾಲನ್ನು ಹಿಡಿದು ಹೋದರೆ, ಗಾಳಿ ಸೋರುವ ಜಾಗವೂ ಹಲವು ಬಾರಿ ಅಲ್ಲೇ ಸಿಗುತ್ತದೆ.

ದುರಸ್ತಿ ಮುಗಿದ ಬಳಿಕ ತಪಾಸಣೆಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಮಾಡಿ, ಓದುಗಳನ್ನು ದಿನಾಂಕದೊಂದಿಗೆ ಬರೆದು ಕೊಳವೆಗಳ ನಕ್ಷೆಯ ಜೊತೆ ವಾಹನದಲ್ಲೇ ಇಡಿ. ನಂತರ ವಾಹನಸಂಚಾರವಿಲ್ಲದ ಸಮತಟ್ಟು ಜಾಗದಲ್ಲಿ ನಡಿಗೆಯ ವೇಗದಲ್ಲಿ ಓಡಿಸಿ, ಪೆಡಲ್ ಒತ್ತಿದಾಗ ವಾಹನ ಒಂದು ಬದಿಗೆ ಎಳೆಯದೆ ನೇರವಾಗಿ ನಿಲ್ಲುತ್ತದೆಯೇ, ಪಾರ್ಕಿಂಗ್ ನಾಬ್ ಎಳೆದಾಗ ಅಲುಗಾಡದೆ ನಿಲ್ಲುತ್ತದೆಯೇ ಎಂದು ನೋಡಿದ ಮೇಲೆ ಮಾತ್ರ ಹೆದ್ದಾರಿಗೆ ಹೊರಡಿ.